ಪರದಾದ ಕಾನೂನು

ಸುಮ್ಮ ಕುಂತ್ರ ಆತೇನು? ಬಂದಾಗಿಂದ ನೋಡಾಕತ್ತೀನಿ, ಬಾಯಾಗ ನೀರು ತುಂಬಿಕೊಂಡವರಂಗ ಕುಂತೀ. ಕಾಲೇಜು ನಡದ ದಿನದಾಗ, ಹೇಳಲಿಲ್ಲ ಕೇಳಲಿಲ್ಲ, ಮಧ್ಯಾಹ್ನದ ಮೋಟಾರಿಗೆ ರಾಯಚೂರಿಂದ ಇಳದಿ. ಬಗಲಾಗ ಆ ಹಸಿರು ಗಂಟು. ‘ಪರದಾ ಕಿತ್ತು ಹಾಕೀನವ್ವಾ’ ಅಂದಿ. ಅಷ್ಟೇ. ಒಂದೇ ಮಾತು! ಆಮ್ಯಾಲ ಬಾಯಿಗೆ ಬೀಗ.

ಸರಿ ಈಚೀಗೆ. ಒಲಿಗೆ ಎರಡು ತೊಗರಿ ಕಟಗಿ ಹಾಕು… ಬ್ಯಾಡ, ಬ್ಯಾಡ, ನೀ ಅಲ್ಲೇ ಕುಂದ್ರು. ನಿನ್ನ ಕೈಗೆ ಕೊಟ್ರ ಒಲೀನೂ ಕಿತ್ತು ಹಾಕ್ತಿ!

ನಾ ರೊಟ್ಟಿ ಬಡೀತೀನಿ, ನೀ ಕೇಳು. ಕೈಗೆ ಕೆಲಸಾ ಇದ್ರ ಸಿಟ್ಟು ಹಿಟ್ಟಿನ ಮ್ಯಾಲ ಹೋಗತೈತಿ. ಇಲ್ಲಂದ್ರ ಇವತ್ತ ನಿನ್ನ ಕಪಾಳಕ್ಕ ಬರತಿತ್ತು ಜಂಬಿ, ಖರೇನ ಹೇಳತೀನಿ. ವಯಸ್ಸಿಗೆ ಬಂದ ಮಗಳ ಮೈಮ್ಯಾಲ ಕೈ ಮಾಡಬಾರದು ಅಂತ ಸುಮ್ಮ ಅದೀನಿ.

ಏನು? ನನಗ ಹ್ಯಾಂಗ ಗೊತ್ತಾತು ಅಂತ ನೋಡತೀಯೇನು? ನೀ ಮೋಟಾರು ಹತ್ತೂಕಿಂತ ಮೊದಲ ಸುದ್ದಿ ಮಸ್ಕಿ ಮುಟ್ಟೈತಿ. ನಿನ್ನ ಕ್ಲಾಸಿನ್ಯಾಗ ಅದಾನಲ್ಲ, ಮಸ್ಕಿ ಕಿರಾಣಿ ಅಂಗಡಿಯವರ ಮಗ ಪಕೀರಪ್ಪ, ಅಂವ ನಿನ್ನೆ ಸಂಜೀಕೇ ಊರಿಗೆ ಹೋಗಿ ನಿಮ್ಮ ದೊಡ್ಡಪ್ಪನ ಮುಂದ ಕುಂತು ಎಲ್ಲಾ ಹೇಳ್ಯಾನ. ಇವತ್ತ ಮುಂಜಾನಿ ನಿಮ್ಮ ದೊಡ್ಡಪ್ಪನ ಆಳು ದ್ಯಾವಪ್ಪ ಇಲ್ಲಿಗೆ ಬಂದ. ಆ ಹೊಸ್ತಿಲದಾಗ ನಿಂತು, ಕೆಳಗ ನೋಡಿಕೋತ ಅಂದ, ‘ಬಸವಂತರಾಯರು ಸಂಜಿ ಮೋಟಾರಿಗೆ ಲಿಂಗಸುಗೂರಿಗೆ ಬರತಾರಂತ್ರೀ ಅಮ್ಮಾರ. ರಾಯಚೂರಿಂದ ಹುಡುಗಿ ಪೆಟಗಿ ತರಿಸಿಬಿಡ್ರಿ ಅಂದಾರ್ರೀ. ಸಿಂಧನೂರಿನವರಿಗೂ ಹೇಳಿ ಕಳಿಸ್ಯಾರ್ರೀ, ಬಂದು ಹುಡುಗೀನ ನೋಡಿಕೊಂಡು ಹೋಗ್ರಿ ಅಂತ.’

ಕೇಳಿದೇನು? ಸಿಂಧನೂರಿನವರು! ಕಾಲುವಿ ನೀರು ಬರೂ ಕಡೆ ಹೊಲ ಐತಂತ ಅವರದು. ಹುಡುಗ ನಾಕನೇ ಇಯತ್ತೆ ಓದ್ಯಾನಂತ. ಅದಕ್ಕಿಂತ ಹೆಚ್ಚಿಗಿ ಯಾಕ ಬೇಕು, ಭತ್ತಾ ನಾಟಿ ಮಾಡಾಕ ಇಂಗ್ಲೀಷ ಬರಬೇಕೇನು ಅಂದ್ರಂತ ನಿಮ್ಮ ದೊಡ್ಡಪ್ಪ. ನಗಬ್ಯಾಡ! ನಗೂ ಮಾತಲ್ಲ ಇದು. ಹೊತ್ತು ಮುಣಗೂದರಾಗ ನಿಮ್ಮ ದೊಡ್ಡಪ್ಪ ಬಂದು ಪಡಸಾಲ್ಯಾಗ ಕುಂದರತಾರ. ಒಮ್ಮೆ ‘ಸಾಕು’ ಅಂದ್ರಂದ್ರ ಸಾಕು. ಆಮ್ಯಾಲ ನಿನ್ನ ಕಾಲೇಜಿಲ್ಲ, ನಿನ್ನ ಇಂಟರ್ ಪರೀಕ್ಷಾ ಇಲ್ಲ, ಏನೂ ಇಲ್ಲ.

ಇಂಥಾದ್ರಾಗ ನೀ ಪರದಾ ಕಿತ್ತೀ!

ಕಾನೂನು ಅಂದ್ರ ಕಾನೂನು. ಕಾಲೇಜು ಅಂದ್ರ ಏನು ಊರ ಮುಂದಿನ ಕಟ್ಟಿ ಏನು, ಬಂದವರು ಬರಲಿ ಕುಂತವರು ಕುಂದರ್ಲಿ ಅನ್ನಾಕ? ಮಾಸ್ತರು ಒಳಗ ಬಂದ್ರ ಎದ್ದು ನಿಂದರಬೇಕು. ಕುಂದ್ರು ಅಂದ ಮ್ಯಾಲ ಕುಂದರಬೇಕು. ಗಂಟಿ ಹೊಡದ ಮ್ಯಾಲ ಬಂದವರು ಬಾಗಿಲದಾಗ ನಿಂತು, ಒಳಗ ಬರಲ್ಯಾ ಅಂತ ಇಜಾಜತ್ ಕೇಳಬೇಕು. ಹಾಜರಿ ಕರದಾಗ, ನಿಜಾಮನ ಕಾಲದಾಗ ‘ಹಾಜಿರ್ ಜನಾಬ್’ ಅಂತಿದ್ರಂತ, ಈಗ ‘ಪ್ರೆಜೆಂಟ್ ಸಾರ್’ ಅನಬೇಕಂತ. ಮಗ್ಗಲಿನವರ ಜೋಡಿ ಮಾತಿಲ್ಲ. ಕೇಳೂದಿದ್ರ ಕೈ ಎತ್ತಬೇಕು. ನೆಟ್ಟಗ ಕುಂದರಬೇಕು. ಯಾರು ಹೇಳಿದ್ರು ನನಗ ಇವನ್ನೆಲ್ಲ? ನೀನೇ! ಹೋದ ವರ್ಷ ಮೊದಲ ಸಲ ಊರಿಗೆ ಬಂದಾಗ ಇದೇ ಒಲಿ ಮುಂದ ಕುಂತು ಒಂದೊಂದ ರೂಲು ಹೇಳಿ ನನ್ನ ಕೈಲೆ ಮಾಡಿಸಿದಿ. ನೀ ‘ವೀರಭದ್ರಮ್ಮಾ’ ಅಂತ ಮಾಸ್ತರಂಗ ಕರದಿ, ನಾ ರೊಟ್ಟಿ ಹಿಟ್ಟಿನ ಕೈಲೆ ಎದ್ದು ನಿಂತು ‘ಪ್ರೆಜೆಂಟ್ ಸಾರ್’ ಅಂದೆ. ಬೆಕ್ಕು ಹೆದರಿ ಅಟ್ಟ ಹತ್ತಿತ್ತು.

ಆಗ ಎಷ್ಟು ನಕ್ಕಿದ್ವಿ…

ಈಗ ನಗಬ್ಯಾಡ ಅಂದೆ!

ಏನಂದಿ? ಪರದಾದ್ದು ಕಾಲೇಜಿನ ರೂಲಿನ ಕಾಗದದಾಗ ಬರದಿರಲಿಲ್ಲ? ಇರಲಿಲ್ಲ, ಖರೆ. ಎಲ್ಲಾನೂ ಕಾಗದದಾಗ ಬರೀತಾರೇನು? ಹೆಣ್ಣಹುಡುಗೂರ ಮಾತು ಬರದು ಗ್ವಾಡಿಗೆ ಹಚ್ಚತಾರೇನು? ನಿನ್ನ ಸೇರಸಾಕ ಹೋದಾಗ ಕಾಲೇಜಿನ ದೊಡ್ಡ ಸಾಹೇಬ್ರು ನನಗ ಬಾಯಿಲೆ ಹೇಳಿದ್ರು. ನೀ ಹೊರಗ ಬೇವಿನ ಗಿಡದ ಕೆಳಗ ನಿಂತಿದ್ದಿ. ನಾ ಸಾಹೇಬ್ರ ಖೋಲಿ ಬಾಗಿಲ ಮರೀಗೆ ನಿಂತು ಕೇಳಿದೆ. ‘ಒಬ್ಬಾಕಿ ಹೆಣ್ಣಮಗಳು ಅದಾಳ, ಅಷ್ಟು ಗಂಡಹುಡುಗೂರ ನಡುವ ಕುಂದ್ರೂದಂದ್ರ ಮೂಲ್ಯಾಗ ಪರದಾ ಕಟ್ಟಬೇಕು, ಆಕಿ ನೆರಳು ಸೈತ ಕಾಣಬಾರದು, ಇದು ಹೈದರಾಬಾದಿನಿಂದ ಬಂದ ಹುಕುಂ’ ಅಂದ್ರು. ಅವತ್ತೇ ಹೊರಗ ಬಂದು ನಿನಗ ಹೇಳಲಿಲ್ಲೇನು ನಾ? ಹೇಳೀನಿಲ್ಲೋ? ಮೊದಲನೇ ರೂಲೇ ಅದು ಅಂತ ಹೇಳೀನಿ. ನೀ ಹೂಂ ಅಂದಿ. ಕಾಲೇಜು ಸಿಕ್ಕರ ಸಾಕು ಅವ್ವಾ, ಗ್ವಾಡಿ ಹಿಂದ ಕುಂದ್ರು ಅಂದ್ರೂ ಕುಂದರತೀನಿ ಅಂದಿ.

ಅಂದಿಲ್ಲೋ? ಹಾಂ… ತಲಿ ಕೆಳಗ ಹಾಕಿದಿ. ಅಂದೀ.

ನಿಮ್ಮ ದೊಡ್ಡಪ್ಪಂದೂ ಅದೇ ಮಾತಿತ್ತಲ್ಲ. ನೀ ಮೆಟ್ರಿಕ್ ಪಾಸಾದಾಗ ಇದೇ ಪಡಸಾಲ್ಯಾಗ ಕುಂತು ಅಂದ್ರು… ನಾ ಇಲ್ಲಿ, ಅಡಗಿಮನಿ ಬಾಗಿಲ ಹಿಂದ. ಲಗ್ನ ಆಗಿ ಬಂದಾಗಿಂದ ಭಾವನೋರ ಎದರಿಗೆ ನಿಂತು ಮಾತಾಡಿಲ್ಲ ನಾ, ನಿನಗ ಗೊತ್ತೈತಿ. ಅವರು ಅತ್ತ ಮಾರಿ ಮಾಡಿ ಗ್ವಾಡಿಗೆ ಹೇಳತಾರ, ನಾ ಇತ್ತ ಬಾಗಿಲದ ಹಲಗಿಗೆ ಹೇಳತೀನಿ. ಗ್ವಾಡಿಗೂ ಹಲಗಿಗೂ ಮಾತುಕತಿ! ಅಂದ್ರು ಅವರು, ‘ನಮ್ಮನಿ ಹುಡುಗಿ ಗಂಡಹುಡುಗೂರ ಮುಂದ ಮಾರಿ ತೆರಕೊಂಡು ಕುಂದರತಾಳೇನು? ಪರದಾ ಇದ್ರ ಕಳಿಸು, ಇಲ್ಲಂದ್ರ ಇಲ್ಲ. ಪರದಾ ಬಿದ್ದ ದಿನ ಓದೂದೂ ಬಿತ್ತು.’ ನಾ ಇಲ್ಲಿಂದ ಅಂದೆ, ‘ಕಾಲೇಜಿನ್ಯಾಗ ಅದೇ ಕಾನೂನೈತ್ರೀ ಭಾವನೋರ.’ ‘ಹಂಗಾರ ಕಳಿಸು’ ಅಂದ್ರು. ದೇವರು ದೊಡ್ಡಾಂವ, ನಮ್ಮ ಮನಿ ಮಾತೂ ಕಾಲೇಜಿನ ಕಾನೂನೂ ಒಂದೇ ಆತು.

ಯಾಕ ಹಂಗ ನೋಡತೀ?

ಏನು ಮೊದಲು ಏನು ಆಮ್ಯಾಲ? ನಾವು ರಾಯಚೂರಿಗೆ ಹೋಗಿ ಸಾಹೇಬ್ರನ್ನ ಕಂಡಿದ್ದು… ಭಾವನೋರು ಬಂದು ಹೋದ ಮ್ಯಾಲ. ಹೌದು, ಆಮ್ಯಾಲ. ಅದಕ್ಕೇನು ಈಗ? ನನಗ ಮೊದಲೇ ಗೊತ್ತಿತ್ತು. ಬಂದೇಸಾಬ ಹೇಳಿದ್ದ. ಕಾಲೇಜಿನ್ಯಾಗ ಗಂಟಿ ಹೊಡಿತಾನಲ್ಲ, ಆ ಬಂದೇಸಾಬ, ನಮ್ಮ ಮಸ್ಕಿಯಾಂವೇ. ನಿಮ್ಮಪ್ಪನ ಹತ್ತರ ಅಕ್ಷರ ಕಲ್ತಾಂವ. ಅಂವ ಹೇಳಿದ್ದ. ನನ್ನೇನು ಕೋರ್ಟಿನ್ಯಾಗ ನಿಂದರಸೀ ಏನು, ಮೊದಲ ಯಾವುದು ಆಮ್ಯಾಲ ಯಾವುದು ಅಂತ ಕೇಳಾಕ? ಕೇಳೂಕಿ ನಾ ಇವತ್ತ. ನೀ ಉತ್ತರಾ ಕೊಡು!

ನೆಲಕ್ಕ ಯಾಕ ಕುಂತಿ?

ಹೂಂ, ಅದೂ ಗೊತ್ತೈತಿ. ಪಕೀರಪ್ಪ ಏನೂ ಬಿಟ್ಟಿಲ್ಲ. ಮಾಸ್ತರು ಹಾಜರಿ ಕರದ್ರಂತ. ಪರದಾದ ಹಿಂದಿಂದ ನಿನ್ನ ದನಿ ಕೆಳಗಿಂದ ಬಂತಂತ, ನೆಲದಾಗಿಂದ. ಹುಡುಗೂರು ಮಗ್ಗಲಿಂದ ಬಗ್ಗಿ ನೋಡಿದ್ರ ನೀ ಬೆಂಚು ಬಿಟ್ಟು ಇಳದು ನೆಲದ ಮ್ಯಾಲ ಚಕ್ಕಳಮಕ್ಕಳ ಹಾಕ್ಕೊಂಡು ಕುಂತಿದ್ದೆಂತ! ಮಾಸ್ತರು ಅಂದ್ರಂತ, ‘ಕ್ಲಾಸಿನ್ಯಾಗ ಬೆಂಚಿನ ಮ್ಯಾಲ ಕುಂದರಬೇಕಮ್ಮಾ, ಮ್ಯಾಲ ಏಳು.’ ನೀ ಏಳಲಿಲ್ಲ. ಮತ್ತೊಮ್ಮೆ ಅಂದ್ರು. ಇಲ್ಲ. ಅವರು ಹತ್ತರ ಬಂದು ಪರದಾದ ಹೊರಗ ನಿಂತು, ‘ಯಾಕ, ಆರಾಮ ಇಲ್ಲೇನಮ್ಮಾ’ ಅಂದ್ರಂತ. ಆವಾಗ ಎದ್ದಿ. ಎದ್ದು ಹಗ್ಗಕ್ಕ ಕೈ ಹಾಕಿ ಜಗ್ಗಿದಿ. ಮೊಳಿ ಕಿತ್ತು ಬಂತಂತ ಗ್ವಾಡಿಯಾಗಿಂದ! ಅಷ್ಟು ಹುಡುಗೂರ ಮುಂದ, ಬೋರ್ಡಿನ ಮುಂದ, ಮಾರಿ ತೆರಕೊಂಡು ನಿಂತು ಪರದಾ ಮಡಚಿದೆಂತ. ಸೀರಿ ಮಡಚಿದಂಗ, ನಿಧಾನ, ಮೂಲಿಗೆ ಮೂಲಿ ಕೂಡಿಸಿ. ಮಡಚಿ ಬಗಲಾಗ ಇಟಗೊಂಡು ಮಾಸ್ತರಿಗೆ ಇಜಾಜತ್ ಕೇಳಿದೆಂತ, ಹೊರಗ ಹೋಗಾಕ.

ಇಜಾಜತ್! ಮೊಳಿ ಕೀಳಾಕ ಇಜಾಜತ್ ಬೇಕಾಗಲಿಲ್ಲ, ಬಾಗಿಲ ದಾಟಾಕ ಬೇಕಾತು! ಎಂಥಾ ಶಿಸ್ತಿನ ಹುಡುಗಿ ನೋಡ್ರಿ ನಮ್ಮಾಕಿ!

ಅಲ್ಲ, ನೆಲಕ್ಕ ಯಾಕ ಕುಂತಿ ಅಂತೀನಿ. ಅಂಥಾದ್ದೇನಾತು? ಹೊಟ್ಟಿ ನೋಯಾಕತ್ತಿತ್ತೇನು? ಯಾರರ ಏನರ ಅಂದ್ರೇನು? ಬೆಂಚು ಮುರದಿತ್ತೇನು?

ಹೇಳವಲ್ಲಿ.

ನಾ ಹಿಟ್ಟು ಬಡದೂ ಬಡದೂ ರೊಟ್ಟಿ ಹರದು ಹೋತು ನೋಡು ಇದು… ಮತ್ತ ಕೂಡಿಸಬೇಕು. ನೀರು ಕೊಡು ಇತ್ತ. ಆ ಚಂಬು. ಹಾಂ.

ಬೋರ್ಡು ಕಾಣಂಗಿಲ್ಲ ಅಂತ ಮೊನ್ನಿ ದೀಪಾವಳಿಗೆ ಬಂದಾಗ ಅಂದಿದ್ದಿ, ಅದಕ್ಕೇನು? ನಾ ಏನಂದೆ? ಕಿವಿ ಐತಿಲ್ಲ ಅಂದೆ. ಕಿವೀಲೆ ಕೇಳಿ ಬರಕೋ ಅಂದೆ. ಬೋರ್ಡಿನ ಮ್ಯಾಲ ನಕಾಶೆ ತೆಗೀತಾರ, ಲೆಕ್ಕಾ ಮಾಡತಾರ, ಅದನ್ನ ಕಿವೀಲೆ ಹ್ಯಾಂಗ ಕೇಳೂದವ್ವಾ ಅಂತ ಅತ್ತಿ. ಅತ್ರ ಏನು ಮಾಡಲಿ ನಾ? ಕಾನೂನು ನಂದೇನು? ಹಂಗೂ ಒಂದು ವರ್ಷ ಕಳದಿ, ಮೊದಲನೇ ವರ್ಷದ ಪರೀಕ್ಷಾ ಪಾಸೂ ಆದಿ. ಇನ್ನೊಂದು ವರ್ಷ ಕಳಿಯಾಕ ಏನಾಗಿತ್ತು ಧಾಡಿ? ಆ ಕಿಂಡಿಯಾಗಿಂದ ನೋಡಿದ್ರ ಆಗತಿರಲಿಲ್ಲೇನು…

…

ಏನು?

ಏನು ಹಂಗ ಕಣ್ಣು ಕಿಸದು ನೋಡತೀ? ಕಿಂಡಿ ಅಂದೆ. ಕಿಂಡಿ ಇರತೈತಿ ಎಲ್ಲಾ ಪರದಾದಾಗೂ. ಉಸರಾಡಾಕ ಬ್ಯಾಡೇನು ಒಳಗ ಕುಂತವರು? ನೀ ಕಿಂಡೀದು ನನ್ನ ಮುಂದ ಹೇಳಿಲ್ಲಂದ್ರ… ಹೇಳಿಲ್ಲೇನು? ಹೇಳಿರಬೇಕು. ಇಲ್ಲಂದ್ರ ಬಂದೇಸಾಬ ಹೇಳಿರಬೇಕು. ಜಾಳಗಿ ಬಟ್ಟಿ ಹಚ್ಚಿ ಸಣ್ಣದೊಂದು ಕಿಂಡಿ ಬಿಟ್ಟಾರ, ಒಳಗಿನವರಿಗೆ ಹೊರಗಿಂದು ಕಾಣತೈತಿ, ಹೊರಗಿನವರಿಗೆ ಒಳಗಿಂದು ಕಾಣಂಗಿಲ್ಲ ಅಂತ ಅಂವನೇ ಹೇಳಿದ್ದ. ಸರಕಾರದವರು ದಡ್ಡರೇನು? ಅಳತಿ ಮಾಡೇ ಹೊಲಿಸಿರತಾರ, ಕುಂತವರ ಕಣ್ಣಿಗೆ ಸರಿಯಾಗಿ ಬರಂಗ.

ಯಾಕ ನಗತಿ?

ಜಂಬೀ, ಯಾಕ ನಗತಿ? ಅಳತಿ ಅಂದ್ರ ನಗೂದೇನು ಅದರಾಗ?

ಈಗ ಇದು ಬಿಡು. ಹೊತ್ತಿಲ್ಲ. ಮೋಟಾರು ಬರೂ ಹೊತ್ತಾತು. ನಾ ಹೇಳಿದ್ದು ಸರಿಯಾಗಿ ಕೇಳಿಸಿಕೋ. ದೊಡ್ಡಪ್ಪ ಕೇಳಿದ್ರ ಹಿಂಗ ಹೇಳು: ಗಾಳಿ ಜೋರ ಬಿಟ್ಟಿತ್ತು, ಕಿಡಕಿ ತೆರದಿತ್ತು, ಹಗ್ಗ ಕಡೀತು, ಪರದಾ ಬಿತ್ತು. ನಾ ಕೂಡ್ಲೇ ಮಾರಿಗೆ ಸೆರಗು ಹಾಕ್ಕೊಂಡೆ. ಸಾಹೇಬ್ರು ರಿಪೇರಿ ಮಾಡಿಸಿಕೊಂಡು ಬಾ ಅಂತ ಕೊಟ್ಟು ಕಳಿಸ್ಯಾರ. ನಾಳೆ ಮುಂಜಾನಿ ಮೋಟಾರಿಗೆ ಹೋಗಿ ಹೊಳ್ಳಿ ಕಟ್ಟಿಸತೀನಿ. ಇಷ್ಟು ಹೇಳು ಸಾಕು. ಪಕೀರಪ್ಪ? ಆ ಹುಡುಗ ಮುಂದಿನ ಬೆಂಚಿನಾಗ ಕುಂತಾಂವ, ಹಿಂದಿಂದು ಅಂವಗೇನು ಕಾಣತೈತಿ ಅಂತ ನಾನೇ ಹೇಳತೀನಿ ಬಾಗಿಲ ಹಿಂದಿಂದ.

ಹೇಳತೀಯಿಲ್ಲೋ?

ತಲಿ ಅಲ್ಲಾಡಿಸಬ್ಯಾಡ! ಬಾಯಿಬಿಟ್ಟು ಹೇಳು! ಗಾಳಿ ಅನ್ನಾಕ ಏನು ನೋವು ನಿನಗ? ಒಂದು ಸುಳ್ಳು. ಒಂದೇ ಒಂದು ಸುಳ್ಳು ಹೇಳಿ ಹೊಳ್ಳಿ ಹೋಗು ಕಾಲೇಜಿಗೆ. ನಿನಗ ಸುಳ್ಳು ಹೇಳಾಕ ಬರಂಗಿಲ್ಲೇನು? ನಾ ನಿನ್ನ ಸಲುವಾಗಿ ಎಷ್ಟು… ನಾ ನಿನ್ನ ಸಲುವಾಗಿ ಎಷ್ಟು ಮಂದಿ ಕೈಕಾಲು ಹಿಡದೀನಿ ಗೊತ್ತೇನು? ರಜಾಕಾರರ ಗದ್ದಲದಾಗ ಊರು ಬಿಟ್ಟು ಗಡಿ ದಾಟಿದ್ವಿ. ಅಲ್ಲಿ ನಿರಾಶ್ರಿತರ ಕ್ಯಾಂಪಿನ ಜ್ವರದಾಗ ನಿಮ್ಮಪ್ಪ ಹೋದ್ರು. ಹೊಳ್ಳಿ ಬಂದ ಮ್ಯಾಲ ಈ ಮನ್ಯಾಗ ಗಂಡಸಿನ ದನಿ ಅಂದ್ರ ನಿಮ್ಮ ದೊಡ್ಡಪ್ಪಂದೇ. ನಮ್ಮ ಸಂತೆಕಲ್ಲೂರಿನ ಹೊಲ ಅವರ ಕೈಯಾಗ. ಈ ಹಿಟ್ಟಿನ ಜ್ವಾಳ ಅವರ ಬಂಡಿಯಾಗ ಬಂದದ್ದು. ಅವರ ಹತ್ತರ ನಿನಗ ಎರಡು ವರ್ಷ ಬೇಡಿ ತಗೊಂಡೀನಿ ನಾ! ಎರಡೇ ವರ್ಷ! ಪರದಾದ ಬದಲಿ!

ಅಲ್ಲ… ಪರದಾದ ಬದಲಿ ಅಂದ್ರ… ಪರದಾ ಐತಿ ಅಂತ ನಂಬಿಸಿ. ಕಾಲೇಜಿಂದೇ ಐತಿ ಅಂತ.

ಏ, ಅದನ್ಯಾಕ ಬಿಚ್ಚಾಕತ್ತೀ? ಬಿಚ್ಚಬ್ಯಾಡ ಇಲ್ಲಿ! ಅಡಗಿಮನಿ ಇದು, ಬೂದಿ ಕೂಡತೈತಿ. ಸರಕಾರದ ಸಾಮಾನು ಅದು. ಕಾಲೇಜಿನ ಪರದಾ ಹೊತಗೊಂಡು ಮನಿಗೆ ಬಂದೀಯಲ್ಲ, ಕಳವು ಅಂತಾರ ಇದಕ್ಕ! ಇಡು ಅತ್ಲಾಗ. ನಾ ಅದನ್ನ ನೋಡಬೇಕಾಗಿಲ್ಲ. ನನಗ್ಯಾಕ ಬೇಕು ಅದು? ಮೂಲಿ ಹರದೈತಿ, ಒಳಗಿಂದು ಕಾಣತೈತಿ, ಮುಚ್ಚು… ಕರೇದು ಅದು, ಅದೇನೋ ಕರಿ ಬಟ್ಟಿ, ಸರಕಾರದವರು ಎಂಥೆಂಥಾ ಹಳೇ ಅರಿವಿ ತುಂಬಿರತಾರೋ ಯಾರಿಗ್ಗೊತ್ತು. ಶೇರವಾನಿ ಅಂತ ಯಾಕಂತೀ? ಊರಾಗ ನಿಮ್ಮಪ್ಪ ಒಬ್ರೇ ಏನು ಶೇರವಾನಿ ತೊಟ್ಟ ಮಾಸ್ತರು?

ಮಡಚು ಅದನ್ನ!

ಏನು ಮಾಡಾಕತ್ತೀ? ಯಾಕ ಎರಡೂ ಕೈಲೆ ಎತ್ತಿ ಹಿಡದೀ? ಮಾರಿ ಮುಂದ ಹಿಡಕೊಂಡು… ಇದೇನು ಆಟ? ಮಗ್ಗಲದ ಮನೀ ಮಂದಿ ನೋಡಿದ್ರ ಹುಚ್ಚು ಹಿಡದೈತಿ ಅಂತಾರ. ಕೆಳಗ ಇಳಸು. ನೆಲಕ್ಕ ತಾಗಿಸಿ ಹಿಡದೀ, ಬೂದಿ ಆಗತೈತಿ ಅಂದ್ನಿಲ್ಲ? ಜಂಬೀ… ಮಾತಾಡು. ಮಾರಿ ಕಾಣವಲ್ದು ನಿಂದು. ಬರೇ…

ಕಣ್ಣು.

ಕಣ್ಣು ಕಾಣತಾವ.

ಕಿಂಡಿಯಾಗ… ಸರಿಯಾಗಿ ಕಿಂಡಿಯಾಗ. ನೆಲದ ಮ್ಯಾಲ ಕುಂತೀ ನೀ… ನೆಲದ ಮ್ಯಾಲ ಕುಂತ್ರ…

…

ಬೆಂಚು ಎಷ್ಟು ಎತ್ತರ ಇರತೈತಿ?

ಹೇಳು, ಎಷ್ಟು ಎತ್ತರ ಇರತೈತಿ ಬೆಂಚು? ಈ ಕುಂದ್ರೂ ಮಣಿಯಷ್ಟಾ? ಅದಕ್ಕಿಂತ ಹೆಚ್ಚಾ? ಹೊರಸಿನಷ್ಟಾ?

ಅಂದ್ರ ಕಿಂಡಿ… ಮೊಣಕಾಲಿಗೆ ಬರತಿತ್ತಾ?

ಒಂದು ವರ್ಷ ಪೂರಾ? ಆ ಹುಡುಗೂರು ‘ಪರದಾದ ಕಾಲು’ ಅಂತ ನಿನಗ ಅಡ್ಡಹೆಸರು ಇಟ್ಟಾರಂತ ಪಕೀರಪ್ಪ ಹೇಳಿದ್ನಂತ. ಯಾಕ ಅಂತ ತಿಳಿದಿರಲಿಲ್ಲ ನನಗ. ಬಗ್ಗಿದ್ರ ಬೋರ್ಡು ಕಾಣತಿತ್ತೇನು? ಬಗ್ಗಿದ್ರ ನೆಟ್ಟಗ ಕುಂದ್ರು ಅಂತ ಮಾಸ್ತರು ಬೈತಿದ್ರಾ? ಹಾಂ, ಅದೂ ಒಂದು ರೂಲೇ ಅಲ್ಲಾ. ನೆಟ್ಟಗ ಕುಂತ್ರ ಹಸಿರು ಬಟ್ಟಿ, ಬಗ್ಗಿದ್ರ ಬೈಗಳ. ಅದಕ್ಕ… ಅದಕ್ಕೇ ಇಳದು ನೆಲಕ್ಕ ಕುಂತಿ ನಿನ್ನೆ. ಬೋರ್ಡು ನೋಡಾಕ. ಕುಂತ ಕೂಡ್ಲೇ ಕಣ್ಣಿಗೆ ಸರಿಯಾಗಿ ಬಂತು. ಒಂದು ಬಟ್ಟು ಮ್ಯಾಲಿಲ್ಲ, ಒಂದು ಬಟ್ಟು ಕೆಳಗಿಲ್ಲ.

ಯಾರ ಅಳತಿ ಅಂತ ಅವಾಗ ತಿಳೀತು ನಿನಗ.

…

ನೋಡಬ್ಯಾಡ ಹಂಗ. ಕಿಂಡಿಯಾಗಿಂದ ನೋಡಬ್ಯಾಡ ನನ್ನ. ಬೈಯಿ. ಏನರ ಅನ್ನು! ಸುಮ್ಮ ಕುಂತ್ರ ನಾ ಏನಂತ ತಿಳಕೊಳ್ಳಲಿ?

ನಾ ದಾರ ಹಿಡದು ನಿನ್ನ ಅಳದ ದಿನ ನೀ ನಕ್ಕಿದ್ದಿ. ಕುಪ್ಪಸಕ್ಕ ಅಂತ ಹೇಳಿದ್ದೆ. ‘ಕುಪ್ಪಸಕ್ಕ ಯಾರರ 
ನೆಲದಿಂದ ಕಣ್ಣಿನ ತನಕ ಅಳಿತಾರೇನವ್ವಾ’ ಅಂದಿದ್ದಿ. ಇಲ್ಲೇ ಕುಂತಿದ್ದಿ, ಈ ಜಾಗದಾಗೇ, ಚಕ್ಕಳಮಕ್ಕಳ ಹಾಕ್ಕೊಂಡು. ನಾ ಏನು ಕಾಲೇಜು ಒಳಗ ಕಂಡಾಕ್ಯಾ? ನಿಮ್ಮಪ್ಪನ ಸಾಲ್ಯಾಗ ಮಾಸ್ತರಿಗೊಂದು ಕುರ್ಚಿ, ಹುಡುಗೂರೆಲ್ಲ ನೆಲದ ಮ್ಯಾಲ. ನೀನೂ ಮೆಟ್ರಿಕ್ ತನಕ ಜಮಖಾನದ ಮ್ಯಾಲೇ ಕುಂತು ಓದಿದಿ. ಓದೂದಂದ್ರ ನೆಲದ ಮ್ಯಾಲ ಕುಂತು ಓದೂದು ಅಂತ… ಬೆಂಚು ಬೆಂಚು ಅಂತ ನೀ ನೂರು ಸಲ ಅಂದಿ, ಆದ್ರ ಅದರ ಮ್ಯಾಲ ಕುಂತ್ರ ಕಣ್ಣು ಮ್ಯಾಲ ಹೋಗತೈತಿ ಅನ್ನೂದು ನನ್ನ ತಲಿಗೆ ಹೊಳೀಲಿಲ್ಲ. ಭಾವನೋರು ನೆರಳು ಕಾಣಬಾರದು ಅಂದ್ರು. ತೆಳ್ಳನ ಬಟ್ಟಿ ಆದ್ರ ನೆರಳು ಕಾಣತೈತಿ. ನಿಮ್ಮಪ್ಪನ ಶೇರವಾನಿ ಒಳಗ ಹಾಕಿ ಹೊಲದ ಕೌದಿ ಆದ್ರ ಕಾಣಂಗಿಲ್ಲ. ಕೌದಿ ಮ್ಯಾಲ ಹಸಿರು ಹಾಕಿದ್ರ ಸರಕಾರದ್ದು ಅನಸತೈತಿ. ನೆರಳು ಅವರಿಗೆ ಕಾಣದಿದ್ರ ಸಾಕು, ನಿನಗ ಬೋರ್ಡು ಕಾಣಲಿ ಅಂತ ಆ ಕಿಂಡಿ…

ಬಂದೇಸಾಬನ್ನೇನೂ ಅನಬ್ಯಾಡ. ಅಂವ ಬ್ಯಾಡ್ರೀ ಅಮ್ಮಾರ ಅಂತ ಎಷ್ಟು ಹೇಳಿದ, ನಾನೇ ಕೈಕಾಲು ಹಿಡದು ಅಂವನ ಕೈಲೆ ಕ್ಲಾಸಿನ್ಯಾಗ ಕಟ್ಟಿಸಿದೆ.

ನಿನ್ನ ಮಾಸ್ತರು ಏನಂದ್ರು? ಪರದಾ ನಮ್ಮ ಕಾಲೇಜಿನ ಕಾನೂನಲ್ಲ, ನಿಮ್ಮ ಮನಿಯಿಂದ ಬಂದದ್ದು ಅಂದ್ರಾ? ನಿಮ್ಮ ಮನಿ ರಿವಾಜು ಅಂತ ತಿಳದು ಸುಮ್ಮ ಇದ್ದೆವು ಅಂದ್ರಾ? ಮಂದಿ ಮುಂದ ಅಂದ್ರಾ, ಒಬ್ಬಾಕಿಗೇ ಅಂದ್ರಾ? ಹೇಳು… ಹೇಳಬ್ಯಾಡ ಬಿಡು.

ಈಗಿನ್ನ ತಗಿ ಅದನ್ನ ಮಾರಿ ಮುಂದಿಂದ. ಕೈ ನೋಯಂಗಿಲ್ಲೇನು ನಿನಗ?

…ಮೋಟಾರು ಬಂತು. ಹಾರನ್ನು ಕೇಳಿತಿಲ್ಲ? ಮೋಟಾರು ನಿಂದ್ರೂ ಕಟ್ಟಿಯಿಂದ ಇಲ್ಲಿಗೆ ಬರಾಕ ಎಷ್ಟು ಹೊತ್ತು ಭಾವನೋರಿಗೆ. ಬರತಾರ. ಬಂದು ಅಂಗಳದಾಗ ಕೆಮ್ಮತಾರ, ನಾ ಬಾಗಿಲ ಹಿಂದ ಸರೀಲಿ ಅಂತ. ಇಷ್ಟು ವರ್ಷ ಕೆಮ್ಮಿದ ಕೂಡ್ಲೇ ಸರದೀನಿ. ಗಾಳಿ ಅಂತ ನೀ ಹೇಳಂಗಿಲ್ಲ. ಹೇಳಂಗಿಲ್ಲ ನೀ, ಗೊತ್ತಾತು ನನಗ. ಆ ಕಣ್ಣೇ ಹೇಳತಾವ ನೋಡು.

ಒಂದೇ ಹೇಳು. ಹೊಳ್ಳಿ ಹೋಗತೀಯೇನು ಕಾಲೇಜಿಗೆ? ಮಾರಿ ತೆರಕೊಂಡು, ಬೆಂಚಿನ ಮ್ಯಾಲ, ಬೋರ್ಡಿನ ಎದರಿಗೆ? ಅಷ್ಟು ಹೇಳು ಸಾಕು. ಬಾಯಿಲೆ ಬ್ಯಾಡಂದ್ರ ಬ್ಯಾಡ, ತಲಿಯರ ಹಾಕು…

ಹಾಂ.

ಹಂಗಾರ ಏಳು. ಆ ಕೌದಿ ತಗೊಂಡು ನಡಿ. ಪಡಸಾಲ್ಯಾಗ ಹೊರಸಿನ ಮ್ಯಾಲ ಹಾಸು. ಹೂಂ, ಅದನ್ನೇ! ಕೌದಿ ಇರೂದು ಹಾಸಾಕ, ಹೊಚಗೊಳ್ಳಾಕ. ಅವರೇ ಬೇಡಿದ ಪರದಾ ಅಲ್ಲೇನು, ಅದರ ಮ್ಯಾಲೇ ಕುಂದರ್ಲಿ. ಕಿಂಡಿ ನಡುವಿಗೆ ಬರಂಗ ಹಾಸು, ಕುಂತ್ರ ತಿಳೀಲಿ.

ಯಾಕ ನಗತಿ? ಅಳತೀಯೋ ನಗತೀಯೋ, ಏನೋ ಒಂದು ಮಾಡು…

ಕೆಮ್ಮಿದ್ರು ನೋಡು.

ಆ ಬಾಗಿಲ ಹಾಕಬ್ಯಾಡ. ಪೂರಾ ತೆಗಿ. ನಿಂದ್ರು ನನ್ನ ಮಗ್ಗಲದಾಗ. ಹಿರಿಯರು ಒಳಗ ಬಂದ್ರ ಎದ್ದು ನಿಂದರಬೇಕು, ನಿನ್ನ ಕಾಲೇಜಿನ ಕಾನೂನೇ ಅಲ್ಲಾ ಅದು? ನಿಂತೇ ಮಾತಾಡೋಣು. ಕೈ ಹಿಟ್ಟಾಗ್ಯಾವ, ಇರಲಿ. ಕರೀಲಿ ಈಗ ಅವರು, ಹೆಸರು ಹಿಡದು ಕರೀಲಿ. ಎದರಿಗೆ ನಿಂತು ಹಾಜರಿ ಹೇಳತೀನಿ.